ಡ್ಯೂಟಿ ಚಾರ್ಟ್ ಬರೆಯೋದನ್ನ ನಮಗೆ ಯಾರೂ ಕಲಿಸಲಿಲ್ಲ

ಮಾನ್ಯ ಗೃಹ ಸಚಿವರಿಗೆ, ರಾಜ್ಯದ ಪೊಲೀಸ್ ಮಹಾನಿರ್ದೇಶಕರಿಗೆ, ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಯ ನಿರ್ದೇಶಕರಿಗೆ ಮಂಡ್ಯದಿಂದ ಒಬ್ಬ ನಿವೃತ್ತ ಎಎಸ್‌ಐ ಮಾಡುವ ನಮಸ್ಕಾರಗಳು.

ಈ ಪತ್ರವನ್ನು ಲಕೋಟೆಗೆ ಹಾಕಿ ನಿಮ್ಮ ಕಚೇರಿಗೆ ಕಳಿಸಬಹುದಿತ್ತು. ಎಲ್ಲರೂ ಓದಲಿ ಅಂತಲೇ ಬಹಿರಂಗವಾಗಿ ಬರೆಯುತ್ತಿದ್ದೇನೆ. ಇದು ಪೊಲೀಸರ ಮನೆಯೊಳಗಿನ ಮಾತು ಅಂತ ಯಾರೂ ಅಂದುಕೊಳ್ಳಬೇಡಿ. ಯಾವತ್ತಾದರೂ ಒಂದು ಕಂಪ್ಲೇಂಟ್ ಕೊಡೋಕೆ ಠಾಣೆ ಮೆಟ್ಟಿಲು ಹತ್ತಿ, ಟೇಬಲ್ ಹಿಂದೆ ಕೂತವರು ಮುಖ ಕೂಡ ಎತ್ತದೆ "ಏನ್ರೀ ನಿಮ್ದು" ಅಂದಿದ್ದರೆ ಇದು ನಿಮ್ಮ ಮಾತೂ ಹೌದು.

ನಾನು ಕಾನ್ಸ್‌ಟೇಬಲ್ ಆಗಿ ಸೇರಿ 34 ವರ್ಷ ಮಂಡ್ಯ ಜಿಲ್ಲೆಯಲ್ಲೇ ಕೆಲಸ ಮಾಡಿದೆ. ಅದರಲ್ಲಿ 9 ವರ್ಷ ಠಾಣೆ ರೈಟರ್. ರೈಟರ್ ಅಂದರೆ ಬರೀ ಎಫ್‌ಐಆರ್ ಬರೆಯುವವನು ಅಂತ ಹೊರಗಿನವರು ತಿಳಿದಿರುತ್ತಾರೆ. ನಾಳೆ ಸೆಂಟ್ರಿ ಯಾರು, ಬೀಟ್ ಯಾರು, ಕೋರ್ಟಿಗೆ ಯಾರು, ಸಮನ್ಸ್ ಹಂಚೋಕೆ ಯಾರು, ನೈಟ್ ರೌಂಡ್ಸಿಗೆ ಯಾರು, ಇದನ್ನೆಲ್ಲ ಬರೆದು ಸಾಹೇಬರ ಮುಂದೆ ಇಟ್ಟು ಸಹಿ ಹಾಕಿಸುವವನೂ ಅವನೇ. ಆ ಒಂದು ಹಾಳೆಯನ್ನು ನಾವು ಡ್ಯೂಟಿ ಚಾರ್ಟ್ ಅನ್ನುತ್ತೇವೆ. ನೋಡೋಕೆ ಸುಮ್ನೆ ಒಂದು ಗೆರೆ ಎಳೆದ ಹಾಳೆ. ಆದರೆ ಮೂವತ್ತು ನಲವತ್ತು ಮನೆಗಳಲ್ಲಿ ನಾಳೆ ಮಗುವನ್ನು ಶಾಲೆಗೆ ಬಿಡೋರು ಯಾರು, ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋರು ಯಾರು, ರಾತ್ರಿ ಅಡುಗೆ ಎಷ್ಟು ಜನಕ್ಕೆ ಅನ್ನೋದೆಲ್ಲ ಆ ಹಾಳೆಯ ಮೇಲೆ ನಿಂತಿರುತ್ತದೆ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹೆಡ್ ಕಾನ್ಸ್‌ಟೇಬಲ್‌ನಿಂದ ಹಿಡಿದು ಇನ್‌ಸ್ಪೆಕ್ಟರ್‌ವರೆಗೆ, ಯಾರ ಕೈಗೆ ನಾಲ್ಕು ಜನರನ್ನು ಕೊಡುತ್ತೀರೋ ಅವರಿಗೆ ಆ ನಾಲ್ಕು ಜನರನ್ನು ನಡೆಸುವುದು ಹೇಗೆ ಅಂತ ಮೊದಲು ಕಲಿಸಿ. ಪಟ್ಟಿ, ಸ್ಟಾರ್ ಆಮೇಲೆ ಹಾಕಿ.

ನನಗೆ ಹೆಡ್ ಕಾನ್ಸ್‌ಟೇಬಲ್ ಬಡ್ತಿ ಬಂದಾಗ ತರಬೇತಿಗೆ ಕಳಿಸಿದ್ದರು. ಬೆಳಗಿನ ಜಾವ ಪಿ.ಟಿ., ಆಮೇಲೆ ಪರೇಡ್, ತಿಂಡಿ ಮುಗಿಸಿ ಬಂದರೆ ಐಪಿಸಿ, ಸಿಆರ್‌ಪಿಸಿ, ಮಹಜರು ಬರೆಯೋದು, ಕೇಸ್ ಡೈರಿ ಬರೆಯೋದು, ಸಂಜೆ ಮತ್ತೆ ಪರೇಡ್. ಎಲ್ಲವೂ ಬೇಕಾದದ್ದೇ. ಒಂದನ್ನೂ ಬೇಡ ಅನ್ನುವುದಿಲ್ಲ. ಆದರೆ ಬಡ್ತಿ ಬಂದ ಮೇಲೆ ನನ್ನ ಬದುಕಿನಲ್ಲಿ ನಿಜವಾಗಿ ಬದಲಾಗಿದ್ದು ಏನು? ನಿನ್ನೆವರೆಗೆ ಜತೆಯಲ್ಲಿ ನಿಂತು ಟೀ ಕುಡಿದವನಿಗೆ ಇವತ್ತು ನಾನು ಡ್ಯೂಟಿ ಹೇಳಬೇಕು. ಅವನು ತಡವಾಗಿ ಬಂದರೆ ಹೇಗೆ ಕೇಳಬೇಕು? ಕುಡಿದು ಬಂದರೆ ಏನು ಮಾಡಬೇಕು? ಇಬ್ಬರು ಒಂದೇ ದಿನ ರಜೆ ಕೇಳಿದರೆ ಯಾರಿಗೆ ಕೊಡಬೇಕು, ಕೊಡದೇ ಇದ್ದವನಿಗೆ ಏನು ಹೇಳಬೇಕು? ಒಬ್ಬ ಹುಡುಗ ಹದಿನೈದು ದಿನದಿಂದ ಯಾರ ಜತೆಯೂ ಮಾತಾಡುತ್ತಿಲ್ಲ ಅಂದರೆ ಅದು ನನ್ನ ಕೆಲಸವೋ ಅಲ್ಲವೋ? ಇಷ್ಟು ದೊಡ್ಡ ಪ್ರಶ್ನೆಗಳಿಗೆ ಆ ತರಬೇತಿಯಲ್ಲಿ ಒಂದೇ ಒಂದು ಪೀರಿಯಡ್ ಇರಲಿಲ್ಲ. ಕೊನೇ ದಿನ ಗ್ರೂಪ್ ಫೋಟೋ ತೆಗೆಸಿಕೊಂಡು ಬಸ್ ಹತ್ತಿದೆವು.

ಹಾಗಾಗಿ ನಮ್ಮ ಮೇಲಿನವರನ್ನು ನೋಡಿಯೇ ನಾವು ಕಲಿತೆವು. ಅವರು ನಮ್ಮನ್ನು ಹೇಗೆ ಬೈದಿದ್ದರೋ ಹಾಗೇ ನಾವೂ ಬೈದೆವು. ಅವರು ರಜೆ ಚೀಟಿಯನ್ನು ಓದದೆ ಹೇಗೆ ಪಕ್ಕಕ್ಕೆ ತಳ್ಳುತ್ತಿದ್ದರೋ ಹಾಗೇ ತಳ್ಳಿದೆವು.

ಒಂದು ಘಟನೆ ಹೇಳುತ್ತೇನೆ. ಇದರಲ್ಲಿ ತಪ್ಪು ನನ್ನದು, ಬೇರೆ ಯಾರದ್ದೂ ಅಲ್ಲ.

ಆಗ ನಾನು ಎಎಸ್‌ಐ. ಸಾಹೇಬರು ರಜೆಯಲ್ಲಿದ್ದರು, ರೈಟರ್ ಕೂಡ ಇರಲಿಲ್ಲ. ಚಾರ್ಟ್ ಬರೆಯೋದೂ ಹಾಜರಿ ಕರೆಯೋದೂ ಎರಡೂ ನನ್ನ ಪಾಲಿಗೆ ಬಂದಿತ್ತು. ಬೆಳಗ್ಗೆ ಎಂಟಕ್ಕೆ ರೋಲ್ ಕಾಲ್. ಎಲ್ಲರೂ ಸಾಲಾಗಿ ನಿಂತಿದ್ದಾರೆ. ಒಬ್ಬ ಮಹಿಳಾ ಕಾನ್ಸ್‌ಟೇಬಲ್, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತೇನೋ, ಎಂಟೂ ಇಪ್ಪತ್ತಕ್ಕೆ ಗೇಟಿನ ಹತ್ತಿರ ಸ್ಕೂಟಿ ನಿಲ್ಲಿಸಿ ಓಡಿಬಂದಳು. ಕ್ಯಾಪ್ ಇನ್ನೂ ಕೈಯಲ್ಲೇ ಇತ್ತು. ನಾನು ಬಿಡಲಿಲ್ಲ. "ಏನಮ್ಮಾ, ನೆಂಟ್ರ ಮನೆಗೆ ಬಂದಂಗೆ ಬತ್ತಾ ಇದ್ದೀಯಲ್ಲ" ಅಂತ ಶುರು ಮಾಡಿದವನು ಹೇಳಬಾರದ್ದನ್ನೆಲ್ಲ ಹೇಳಿದೆ. ಪಾಸ್‌ಪೋರ್ಟ್ ವೆರಿಫಿಕೇಷನ್‌ಗೆ ಬಂದಿದ್ದ ಇಬ್ಬರು ಹುಡುಗರು ಬೆಂಚಿನ ಮೇಲೆ ಕೂತು ನೋಡುತ್ತಿದ್ದರು. ಅವಳು "ಸಾರಿ ಸಾರ್" ಅಂತ ಎರಡೇ ಮಾತು ಹೇಳಿ ಸಾಲಿನ ಕೊನೆಗೆ ಹೋಗಿ ನಿಂತಳು. ಕ್ಯಾಪ್ ಹಾಕಿಕೊಳ್ಳುವಾಗ ಕೂದಲಿನ ಕ್ಲಿಪ್ ಕೆಳಗೆ ಬಿತ್ತು. ಎತ್ತಿಕೊಳ್ಳೋಕೆ ಬಗ್ಗಲಿಲ್ಲ. ಹಾಜರಿ ಮುಗಿಯುವವರೆಗೂ ಆ ಕಪ್ಪು ಕ್ಲಿಪ್ ಅವಳ ಬೂಟಿನ ಪಕ್ಕದಲ್ಲೇ ಬಿದ್ದಿತ್ತು.

ಹನ್ನೊಂದು ಗಂಟೆ ಹೊತ್ತಿಗೆ ಮರುದಿನದ ಚಾರ್ಟ್ ಬರೆಯೋಕೆ ಪುಸ್ತಕ ತೆಗೆದೆ. ಹಿಂದಿನ ಪುಟದಲ್ಲಿ ನನ್ನದೇ ಅಕ್ಷರ. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಆಸ್ಪತ್ರೆಯಲ್ಲಿ ಮಹಿಳಾ ಆರೋಪಿಯ ಕಾವಲು, ಅಲ್ಲಿ ಅವಳ ಹೆಸರು. ಮೂರು ಸಾಲು ಕೆಳಗೆ, ಬೆಳಗ್ಗೆ ಎಂಟಕ್ಕೆ ಠಾಣೆ ಹಾಜರಿ, ಅಲ್ಲೂ ಅವಳದೇ ಹೆಸರು. ಒಬ್ಬಳನ್ನೇ ಒಂದೇ ಗಂಟೆಗೆ ಎರಡು ಕಡೆ ಹಾಕಿದ್ದೆ. ರಾತ್ರಿಯಿಡೀ ಕುರ್ಚಿ ಮೇಲೆ ಕೂತು, ಬದಲಿ ಬರುವವರೆಗೆ ಕಾದು, ಮುಖ ಕೂಡ ತೊಳೆಯದೆ ಅವಳು ಓಡಿಬಂದಿದ್ದಳು. "ಸಾರ್, ನೀವೇ ಹಾಕಿದ್ದು" ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಇನ್ನೂ ಜಾಸ್ತಿ ಬೈಸಿಕೊಳ್ಳಬೇಕು ಅಂತ ಎರಡು ವರ್ಷದಲ್ಲೇ ಕಲಿತಿದ್ದಳು.

ಸಾಲಿನ ಮುಂದೆ ಬೈದವನು ಸಾಲಿನ ಮುಂದೆಯೇ "ತಪ್ಪಾಯ್ತಮ್ಮ" ಅನ್ನಬೇಕಿತ್ತು. ನಾನು ಅನ್ನಲಿಲ್ಲ. ಅವಳನ್ನು ಕರೆದು ಮನೆಗೆ ಹೋಗಿ ಮಲಗು ಅಂದೆ ಅಷ್ಟೆ, ಯಾಕೆ ಅಂತ ಹೇಳಲಿಲ್ಲ. ಮೇಲಿನವನು ತಪ್ಪು ಒಪ್ಪಿಕೊಂಡರೆ ಕೆಳಗಿನವರು ಆಮೇಲೆ ಮಾತು ಕೇಳುವುದಿಲ್ಲ ಅಂತ ನಾನು ಮೂವತ್ತು ವರ್ಷ ನಂಬಿಕೊಂಡು ಬಂದಿದ್ದೆ. ಅದು ಸುಳ್ಳು ಅಂತ ಹೇಳಿಕೊಡುವವರು ಯಾರೂ ಸಿಕ್ಕಿರಲಿಲ್ಲ. ರಿಟೈರ್ ಆಗಿ ವರ್ಷಗಳೇ ಕಳೆದವು, ಆ ಕ್ಲಿಪ್ ಇನ್ನೂ ಕಣ್ಣ ಮುಂದೆ ಇದೆ.

ಸಾರ್ವಜನಿಕರಿಗೆ ಇದರಲ್ಲಿ ಏನಾಗಬೇಕು ಅಂತ ಕೇಳಬಹುದು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಠಾಣೆಯಲ್ಲಿ ಆಗೋದು ಅದೇ. ಡಿವೈಎಸ್‌ಪಿ ಸಾಹೇಬರು ವೈರ್‌ಲೆಸ್‌ನಲ್ಲಿ ಎಲ್ಲರೂ ಕೇಳುವ ಹಾಗೆ ಇನ್‌ಸ್ಪೆಕ್ಟರಿಗೆ ಬೈಯುತ್ತಾರೆ. ಇನ್‌ಸ್ಪೆಕ್ಟರು ಪಿಎಸ್‌ಐಗೆ, ಪಿಎಸ್‌ಐ ನಮಗೆ, ನಾವು ಕಾನ್ಸ್‌ಟೇಬಲ್‌ಗೆ. ಕಾನ್ಸ್‌ಟೇಬಲ್ ಯಾರಿಗೆ ಬೈಯಬೇಕು? ಅಷ್ಟು ಹೊತ್ತಿಗೆ ಸರಿಯಾಗಿ ಬೈಕ್ ಕಳೆದುಕೊಂಡ ಒಬ್ಬ ಪುಣ್ಯಾತ್ಮ ಬಾಗಿಲಲ್ಲಿ ಬಂದು ನಿಂತಿರುತ್ತಾನೆ. ಜನರ ಜತೆ ಸೌಜನ್ಯದಿಂದ ನಡೆದುಕೊಳ್ಳಿ ಅಂತ ಎಷ್ಟೋ ಸುತ್ತೋಲೆ ಬಂದಿವೆ, ಬಹಳಷ್ಟನ್ನು ನಾನೇ ನೋಟಿಸ್ ಬೋರ್ಡಿಗೆ ಅಂಟಿಸಿದ್ದೇನೆ. ಬೆಳಗ್ಗೆ ಎಂಟಕ್ಕೆ ಸಿಗದ ಸೌಜನ್ಯವನ್ನು ಒಬ್ಬ ಮನುಷ್ಯ ಹತ್ತು ಗಂಟೆಗೆ ಎಲ್ಲಿಂದ ತಂದು ಕೊಡುತ್ತಾನೆ ಹೇಳಿ.

ಇದು ನನ್ನೊಬ್ಬನ ಅಳಲಲ್ಲ. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 2019ರಲ್ಲಿ ದೇಶದ ಪೊಲೀಸರ ಸ್ಥಿತಿಗತಿ ಬಗ್ಗೆ ಒಂದು ವರದಿ ತಂದವು. ಸರಾಸರಿ 14 ಗಂಟೆ ಪೊಲೀಸರು ದಿನಕ್ಕೆ ಕೆಲಸ ಮಾಡುತ್ತಾರೆ ಅಂತ ಅದರಲ್ಲಿದೆ. ಕೆಲಸಕ್ಕೆ ಸೇರಿದ ಮೇಲೆ ಕೊಡುವ ತರಬೇತಿ ಅದಕ್ಕೂ ಹಿಂದಿನ ಐದು ವರ್ಷಗಳಲ್ಲಿ ಸರಾಸರಿ ನೂರಕ್ಕೆ 6 ಜನರಿಗೆ ಮಾತ್ರ ಸಿಕ್ಕಿದೆ ಅಂತಲೂ ಇದೆ. ಅದರಲ್ಲೂ ದೊಡ್ಡ ಅಧಿಕಾರಿಗಳಿಗೇ ಜಾಸ್ತಿ. ಸರಾಸರಿ ನೋಡಿದರೆ ನೂರು ಜನರಲ್ಲಿ ತೊಂಬತ್ತಕ್ಕೂ ಜಾಸ್ತಿ ಮಂದಿಗೆ ಆ ತರಬೇತಿ ಸಿಕ್ಕಿಲ್ಲ ಅಂತಾಯಿತು.

ಐಪಿಎಸ್ ಅಧಿಕಾರಿಗಳಿಗೆ ಈ ವ್ಯವಸ್ಥೆ ಚೆನ್ನಾಗಿದೆ. ಹೈದರಾಬಾದಿನ ಸರ್ದಾರ್ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಲ್ಲಿ ಸೇವೆಯ ನಡುವೆ ಹಂತ ಹಂತವಾಗಿ ಮತ್ತೆ ಕರೆಸಿ ಪಾಠ ಮಾಡುತ್ತಾರೆ, ಅದರಲ್ಲಿ ಆಡಳಿತ, ನಾಯಕತ್ವ ಎಲ್ಲ ಇರುತ್ತದೆ. ಆಗಲೇಬೇಕು. ಆದರೆ ಒಬ್ಬ ಕಾನ್ಸ್‌ಟೇಬಲ್ ತನ್ನ ಎಸ್‌ಪಿಯನ್ನು ವರ್ಷಕ್ಕೆ ಎಷ್ಟು ಸಲ ಹತ್ತಿರದಿಂದ ನೋಡುತ್ತಾನೆ? ಸೋಮವಾರದ ಪರೇಡಿನಲ್ಲಿ ದೂರದಿಂದ, ಇನ್‌ಸ್ಪೆಕ್ಷನ್ ದಿನ ಒಂದು ಸಲ. ದಿನಾ ನೋಡೋದು ತನ್ನ ಹೆಡ್ ಕಾನ್ಸ್‌ಟೇಬಲ್‌ನ, ಎಎಸ್‌ಐನ, ಪಿಎಸ್‌ಐನ. ಅವನ ಪಾಲಿಗೆ ಇಲಾಖೆ ಅಂದರೆ ಅವರೇ. ತರಬೇತಿ ಬಂದು ನಿಲ್ಲಬೇಕಾದ ಜಾಗ ಅದು.

ನನ್ನ ಸೊಸೆ ಮದ್ದೂರು ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಅವಳ ಲೈನಿನಲ್ಲಿ ಮೂವತ್ತು ಮಿಷಿನ್ ಇವೆ. ಟೈಲರ್ ಆಗಿದ್ದವಳನ್ನು ಸೂಪರ್‌ವೈಸರ್ ಮಾಡುವ ಮೊದಲು ಒಂದು ವಾರ ಕೂರಿಸಿ ಹೇಳಿಕೊಟ್ಟರಂತೆ. ಟಾರ್ಗೆಟ್ ಹೇಗೆ ಹಂಚಬೇಕು, ಒಬ್ಬಳು ಬರದಿದ್ದರೆ ಲೈನ್ ಹೇಗೆ ಸರಿಹೊಂದಿಸಬೇಕು, ತಪ್ಪು ಮಾಡಿದವಳನ್ನು ಎಲ್ಲರ ಮುಂದೆ ಬೈಯದೆ ಪಕ್ಕಕ್ಕೆ ಕರೆದು ಹೇಗೆ ಹೇಳಬೇಕು, ಇಂಥದ್ದನ್ನೆಲ್ಲ. "ಮಾವ, ನಿಮಗೂ ಹಿಂಗೇ ಹೇಳಿಕೊಟ್ಟಿದ್ರಾ?" ಅಂತ ಕೇಳಿದಳು. ನಾನು ಏನೂ ಹೇಳಲಿಲ್ಲ. ಅಂಗಿ ಹೊಲಿಸುವ ಮೂವತ್ತು ಜನರ ಮೇಲಿನವಳಿಗೆ ಒಂದು ವಾರ ಕೊಟ್ಟರು. ಬಂದೂಕು, ಲಾಠಿ ಹಿಡಿದ ಮೂವತ್ತು ಜನರ ಮೇಲಿನವನಿಗೆ ಅಷ್ಟಾದರೂ ಬೇಡವೇ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮೊದಲ ಸಲ ಮೇಲ್ವಿಚಾರಕ ಹುದ್ದೆಗೆ ಬಂದ ಪೊಲೀಸರಿಗೆ ಕನಿಷ್ಠ 80 ಗಂಟೆಗಳ ತರಬೇತಿ ಕಡ್ಡಾಯ, ಅದೂ ಬಡ್ತಿಯಾಗಿ ಒಂದು ವರ್ಷದೊಳಗೆ. ಅವರ ದೇಶದ ಕಷ್ಟಗಳು ಬೇರೆ, ನಮ್ಮವು ಬೇರೆ, ಅವರ ಪುಸ್ತಕ ತಂದು ಇಲ್ಲಿ ಓದಿಸಿ ಅನ್ನುತ್ತಿಲ್ಲ. ಕಡ್ಡಾಯ ಅನ್ನೋ ಆ ಒಂದು ಮಾತು ಸಾಕು. ನಮ್ಮಲ್ಲೂ ಈ ಯೋಚನೆ ಹೊಸದಲ್ಲ. ಪೊಲೀಸ್ ತರಬೇತಿ ಹೇಗಿರಬೇಕು ಅಂತ ನೋಡೋಕೆ ಕೇಂದ್ರ ಸರ್ಕಾರ 1971ರಲ್ಲೇ ಸಮಾಜಶಾಸ್ತ್ರದ ಪ್ರೊಫೆಸರ್ ಎಂ.ಎಸ್. ಗೋರೆ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತ್ತು. ಐವತ್ತು ವರ್ಷಕ್ಕೂ ಜಾಸ್ತಿ ಆಯಿತು.

ಈಗ ಒಳ್ಳೆಯದೊಂದನ್ನು ಹೇಳಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ. ನನ್ನ ಸರ್ವೀಸಿನಲ್ಲಿ ಒಬ್ಬರು ಪಿಎಸ್‌ಐ ಬಂದಿದ್ದರು. ವಯಸ್ಸು ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು, ನನ್ನ ಮಗನಿಗಿಂತ ಸ್ವಲ್ಪ ದೊಡ್ಡವರು. ಬಂದ ಮೊದಲನೇ ವಾರವೇ ಚಾರ್ಟ್ ಬರೆಯುವ ಪದ್ಧತಿ ಬದಲಾಯಿಸಿದರು. ಪ್ರತಿ ದಿನ ರಾತ್ರಿ ಬರೆಯೋದು ಬೇಡ, ಶನಿವಾರ ಸಂಜೆ ಕೂತು ಇಡೀ ವಾರದ್ದು ಬರೆಯೋಣ ಅಂದರು. ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. ಪೆನ್ಸಿಲ್ ಯಾಕೆ ಸಾರ್ ಅಂದರೆ, "ಅಳಿಸೋಕೆ ಬರಬೇಕಲ್ಲ ರೈಟ್ರೇ" ಅನ್ನೋರು. ರಾತ್ರಿ ಮಾಡಿದವನಿಗೆ ಬೆಳಗ್ಗೆ ಡ್ಯೂಟಿ ಇಲ್ಲ, ಇದು ಒಂದನೇ ನಿಯಮ. ಇಬ್ಬರು ಒಪ್ಪಿಕೊಂಡು ಡ್ಯೂಟಿ ಅದಲು ಬದಲು ಮಾಡಿಕೊಳ್ಳಬಹುದು, ಆದರೆ ರೈಟರ್‌ಗೆ ಹೇಳಬೇಕು, ಇದು ಎರಡನೇದು. ವಾರದ ರಜೆಯನ್ನು ಮೊದಲು ಬರೆದು ಅದರ ಸುತ್ತ ಉಳಿದದ್ದನ್ನು ತುಂಬಿಸಬೇಕು. ಬಂದೋಬಸ್ತ್ ಬಂದು ಒಬ್ಬರ ರಜೆ ಕಿತ್ತುಕೊಳ್ಳಬೇಕಾಗಿ ಬಂದರೆ ಅವರೇ ಫೋನ್ ಮಾಡಿ ಹೇಳುತ್ತಿದ್ದರು, "ಈ ವಾರ ನಿಮ್ಮ ರಜೆ ತಗೊಂಡಿದ್ದೀನಿ, ಬುಧವಾರ ವಾಪಸ್ ಕೊಡ್ತೀನಿ" ಅಂತ. ಕೊಡುತ್ತಿದ್ದರು ಕೂಡ. ಆ ಹಾಳೆಯನ್ನು ವೈರ್‌ಲೆಸ್ ಸೆಟ್ಟಿನ ಪಕ್ಕದ ಗೋಡೆಗೆ ಅಂಟಿಸುತ್ತಿದ್ದರು. ಮನೆಯವರಿಗೆ ತೋರಿಸೋಕೆ ಹುಡುಗರು ಅದರ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು.

ಜನ ಅಷ್ಟೇ ಇದ್ದರು, ಜೀಪ್ ಅದೇ, ಕೆಲಸ ಅಷ್ಟೇ. ಆದರೂ ಹುಷಾರಿಲ್ಲ ಅಂತ ಸಿಕ್ ಹಾಕುವವರು ಕಡಿಮೆಯಾದರು. ರೋಲ್ ಕಾಲಿಗೆ ಬರುವ ಮುಖಗಳೇ ಬೇರೆಯಾದವು. ಯಾವ ಬೀದಿಯಲ್ಲಿ ಯಾರ ಜಗಳ ಹತ್ತಿಕೊಂಡಿದೆ ಅಂತ ಬೀಟಿಗೆ ಹೋದವರು ಬಂದು ತಾವಾಗಿಯೇ ಹೇಳೋಕೆ ಶುರು ಮಾಡಿದರು, ಅದಕ್ಕೂ ಮುಂಚೆ ಹೇಳಿದರೆ ಅದೇ ಕೆಲಸ ನಮ್ಮ ತಲೆಗೆ ಬರುತ್ತೆ ಅಂತ ಸುಮ್ಮನಿರುತ್ತಿದ್ದರು.

ಒಂದು ದಿನ ನಾನು ಕೇಳಿದೆ, "ಸಾರ್, ಇದನ್ನ ಟ್ರೈನಿಂಗಲ್ಲಿ ಹೇಳಿಕೊಟ್ಟರಾ?" ನಕ್ಕರು. "ಇಲ್ಲ ರೈಟ್ರೇ. ನಮ್ಮಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಶಿಫ್ಟ್ ನೋಡ್ಕೋತಿದ್ರು. ಊಟಕ್ಕೆ ಕೂತಾಗೆಲ್ಲ ಅದೇ ಮಾತು, ಯಾರನ್ನ ಎಲ್ಲಿ ಹಾಕೋದು, ಯಾರಿಗೆ ಹೇಗೆ ಹೇಳೋದು. ಕೇಳಿ ಕೇಳಿ ಬಂದುಬಿಡ್ತು."

ಅವರ ಅಪ್ಪ ಶಿಫ್ಟ್ ನೋಡಿಕೊಳ್ಳುತ್ತಿದ್ದದ್ದು ನಮ್ಮ ಠಾಣೆಯ ಅದೃಷ್ಟ. ಒಂದು ಠಾಣೆ ಚೆನ್ನಾಗಿ ನಡೆಯೋದು ಅಲ್ಲಿಗೆ ಬರುವ ಪಿಎಸ್‌ಐ ಯಾರ ಮನೆಯಲ್ಲಿ ಹುಟ್ಟಿದ್ದಾರೆ ಅನ್ನೋದರ ಮೇಲೆ ನಿಲ್ಲಬಾರದು. ಅವರು ಬೇರೆ ಕಡೆ ವರ್ಗವಾಗಿ ಹೋದ ಮೇಲೆ ಆ ಪೆನ್ಸಿಲ್ ಚಾರ್ಟೂ ಹೋಯಿತು. ಬಂದವರು ಹಳೇ ಪದ್ಧತಿಗೆ ತಂದರು, ನಾನೂ ಹೂಂ ಅಂದೆ. ಪೊಲೀಸ್ ಸುಧಾರಣೆ ಕೇಳಿ ಹಾಕಿದ್ದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಕೊಟ್ಟ ನಿರ್ದೇಶನಗಳಲ್ಲಿ ಠಾಣಾಧಿಕಾರಿಗೆ ಕನಿಷ್ಠ 2 ವರ್ಷ ಒಂದೇ ಕಡೆ ಕೆಲಸ ಕೊಡಿ ಅನ್ನೋದೂ ಒಂದು. ಯಾಕೆ ಅಂತ ಆ ಗೋಡೆ ನೋಡಿದ ನಮಗೆ ಚೆನ್ನಾಗಿ ಗೊತ್ತು. ಮೂವತ್ತು ಜನರ ಹೆಸರು, ಊರು, ಮನೆ ಕಷ್ಟ ತಿಳಿದುಕೊಳ್ಳೋಕೇ ಆರು ತಿಂಗಳು ಬೇಕು.

ಬಂದೋಬಸ್ತ್ ವಿಷಯಕ್ಕೆ ಬರುತ್ತೇನೆ, ನಮ್ಮ ಮೈಸೂರು ಮಂಡ್ಯ ಕಡೆ ಅದಕ್ಕೆ ಬರ ಇಲ್ಲ. ದಸರಾ ಇದೆ, ಮೇಲುಕೋಟೆ ವೈರಮುಡಿ ಇದೆ, ಕಾವೇರಿ ವಿಷಯ ಎದ್ದರೆ ಹೆದ್ದಾರಿಯಲ್ಲೇ ವಾಸ. 2016ರ ಸೆಪ್ಟೆಂಬರಿನಲ್ಲಿ ನಾವು ಮನೆ ಮುಖ ನೋಡಿದ್ದು ಕಡಿಮೆ.

ವೈರಮುಡಿ ದಿನ ಮಂಡ್ಯದ ಖಜಾನೆಯಿಂದ ಕಿರೀಟ ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ಹೋಗುತ್ತದೆ, ರಾತ್ರಿ ಚೆಲುವನಾರಾಯಣನಿಗೆ ಮುಡಿಸಿ ಉತ್ಸವ. ಒಂದು ವರ್ಷ ನನ್ನನ್ನೂ ಇನ್ನು ನಾಲ್ವರನ್ನೂ ಮಧ್ಯಾಹ್ನ ಎರಡಕ್ಕೆ ಒಂದು ತಿರುವಿನಲ್ಲಿ ನಿಲ್ಲಿಸಿ ಹೋದರು. ಬದಲಿ ಯಾವಾಗ ಅಂತ ಹೇಳಲಿಲ್ಲ. ಊಟದ ಪೊಟ್ಟಣ ಬಂದಾಗ ರಾತ್ರಿ ಹತ್ತೂವರೆ. ನಮ್ಮ ಜತೆ ಒಬ್ಬ ಮಹಿಳಾ ಸಿಬ್ಬಂದಿ ಇದ್ದರು, ಶೌಚಾಲಯ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ, ಅವರು ಮಧ್ಯಾಹ್ನದಿಂದ ನೀರೇ ಕುಡಿದಿರಲಿಲ್ಲ. ಬೆಳಗಿನ ಜಾವ ಬಂದು ಬಿಡಿಸಿದರು. ಇನ್ನೊಂದು ವರ್ಷ ಅದೇ ಜಾಗ, ಬೇರೆ ಅಧಿಕಾರಿ. ಬೆಳಗ್ಗೆಯೇ ಬಂದು ಐದು ನಿಮಿಷ ನಿಂತು ಹೇಳಿದರು. ನಿಮ್ಮ ಬದಲಿ ರಾತ್ರಿ ಒಂಬತ್ತಕ್ಕೆ ಬರ್ತಾರೆ, ಆ ಮೂಲೆ ಮನೆಯವರಿಗೆ ಹೇಳಿದ್ದೀನಿ, ಬಚ್ಚಲು ಅವರದ್ದು ಬಳಸಿ, ನೀರಿನ ಕ್ಯಾನ್ ಇಲ್ಲಿರುತ್ತೆ, ಏನಾದರೂ ಆದರೆ ನನಗೆ ನೇರ ಫೋನ್ ಮಾಡಿ. ಬದಲಿ ಬಂದದ್ದು ಒಂಬತ್ತಕ್ಕಲ್ಲ, ಒಂಬತ್ತೂ ಮುಕ್ಕಾಲಿಗೆ. ಯಾರೂ ಗೊಣಗಲಿಲ್ಲ. ಪೊಲೀಸಿನವನು ಹನ್ನೆರಡು ಗಂಟೆ ನಿಲ್ಲಬಲ್ಲ, ಯಾವಾಗ ಬಿಡುತ್ತಾರೆ ಅಂತ ಗೊತ್ತಿದ್ದರೆ. ಗೊತ್ತಿಲ್ಲದಿದ್ದರೆ ಆರು ಗಂಟೆಗೇ ಕಾಲು ಸೋಲುತ್ತದೆ, ಏಳನೇ ಗಂಟೆಗೆ ನಾಲಿಗೆ ಸಡಿಲವಾಗುತ್ತದೆ, ಅಲ್ಲಿಗೆ ಬಂದ ಭಕ್ತರ ಮೇಲೆ ರೇಗಾಟ ಶುರು.

ದಸರಾದಲ್ಲೂ ಇದೇ. ಜಂಬೂ ಸವಾರಿಗೆ ರಾಜ್ಯದ ಎಲ್ಲ ಕಡೆಯಿಂದ ಸಿಬ್ಬಂದಿ ಬರುತ್ತಾರೆ. ಬೀದರ್‌ನಿಂದಲೋ ರಾಯಚೂರಿನಿಂದಲೋ ಬಂದ ಹುಡುಗನನ್ನು ಸಯ್ಯಾಜಿರಾವ್ ರಸ್ತೆಯ ಒಂದು ಅಡ್ಡರಸ್ತೆಯ ಬಾಯಲ್ಲಿ ನಿಲ್ಲಿಸಿರುತ್ತಾರೆ. ಮಗುವನ್ನು ಎತ್ತಿಕೊಂಡ ತಾಯಿ ಬಂದು ಕೆ.ಆರ್. ಆಸ್ಪತ್ರೆಗೆ ಯಾವ ಕಡೆ ಹೋಗಬೇಕಪ್ಪ ಅನ್ನುತ್ತಾಳೆ. ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ, ಅದಕ್ಕೆ "ಆ ಕಡೆ ಹೋಗ್ರಿ" ಅಂತ ಗದರುತ್ತಾನೆ. ಮಾರನೇ ದಿನ ಪೊಲೀಸರ ದರ್ಪ ಅಂತ ಜನ ಮಾತಾಡಿಕೊಳ್ಳುತ್ತಾರೆ. ಅವನ ಮೇಲಿನ ಎಎಸ್‌ಐ ಬೆಳಗ್ಗೆ ಹತ್ತು ನಿಮಿಷ ಅವನ ಜತೆ ಆ ರಸ್ತೆಯಲ್ಲಿ ನಡೆದು, ಇದು ಆಸ್ಪತ್ರೆಗೆ, ಇದು ಬಸ್ ಸ್ಟ್ಯಾಂಡಿಗೆ, ಆಂಬುಲೆನ್ಸ್ ಬಂದರೆ ಈ ಬ್ಯಾರಿಕೇಡ್ ತೆಗಿ ಅಂತ ತೋರಿಸಿದ್ದರೆ ಆ ಗದರಿಕೆಯೇ ಇರುತ್ತಿರಲಿಲ್ಲ. ನಾಯಕತ್ವ ಅಂತ ದೊಡ್ಡ ಮಾತಿನಲ್ಲಿ ಹೇಳುತ್ತಾರಲ್ಲ, ನಾನು ಕಂಡ ಮಟ್ಟಿಗೆ ಅದು ಬಹುಪಾಲು ಇಂಥ ಹತ್ತು ನಿಮಿಷಗಳೇ.

ಸ್ವಾಮಿ, ಮನಸ್ಸು ಮಾಡಿದರೆ ಇಲಾಖೆಗೆ ಆಗದ್ದು ಇಲ್ಲ. 2024ರ ಜುಲೈ 1ಕ್ಕೆ ಐಪಿಸಿ, ಸಿಆರ್‌ಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ ಬಂದವು. ಐಪಿಸಿಯ ನೂರೈವತ್ತು ವರ್ಷಕ್ಕೂ ಹಳೇ ಸೆಕ್ಷನ್ ನಂಬರುಗಳನ್ನು ಮರೆತು ಹೊಸದನ್ನು ಕಲಿಯಬೇಕಾಯಿತು. ಎಲ್ಲರನ್ನೂ ಕೂರಿಸಿ ಕಲಿಸಿದಿರಿ. 2025ರಲ್ಲಿ ಕಾನ್ಸ್‌ಟೇಬಲ್‌ಗಳ ತಲೆ ಮೇಲಿನ ಹಳೇ ಸ್ಲೋಚ್ ಹ್ಯಾಟ್ ತೆಗೆದು ನೀಲಿ ಪೀಕ್ ಕ್ಯಾಪ್ ಕೊಟ್ಟಿರಿ. ಆ ಹ್ಯಾಟ್ ಗಾಳಿಗೆ ಹಾರಿಹೋಗಿ ಗಲಾಟೆ ನಡುವೆ ನಾವು ಅದರ ಹಿಂದೆ ಓಡಿದ್ದು ನೆನಪಾಗಿ ನನಗೆ ನಿಜಕ್ಕೂ ಖುಷಿಯಾಯಿತು, ಕೆಳಗಿನವರ ಕಷ್ಟ ಮೇಲಿನವರಿಗೆ ಕೇಳಿಸಿತಲ್ಲ ಅಂತ. ಇದನ್ನೂ ಕೇಳಿಸಿಕೊಳ್ಳಿ.

ಜಾಗಕ್ಕಾಗಿ ಹುಡುಕಬೇಕಿಲ್ಲ. ಮೈಸೂರು ತರಬೇತಿಗೆ ಹೆಸರಾದ ಊರು. ಪೊಲೀಸ್ ಅಕಾಡೆಮಿ ಇಲ್ಲೇ ಇದೆ. ರಾಜ್ಯದ ಬೇರೆ ಇಲಾಖೆಯವರಿಗೆ ಕಲಿಸುವ ಆಡಳಿತ ತರಬೇತಿ ಸಂಸ್ಥೆ ಲಲಿತಮಹಲ್ ರಸ್ತೆಯಲ್ಲಿದೆ. ಮಾನಸಗಂಗೋತ್ರಿಯಲ್ಲಿ ಮ್ಯಾನೇಜ್‌ಮೆಂಟ್ ಓದಿಸುವ ವಿಭಾಗ ಇದೆ. ಈ ಮೂವರೂ ಒಂದು ಮೇಜಿನ ಸುತ್ತ ಕೂತು ಹತ್ತು ದಿನದ, ಆದರೆ ಹದಿನೈದು ದಿನದ ಒಂದು ಪಾಠ ತಯಾರು ಮಾಡಬಹುದು.

ಆದರೆ ದಯವಿಟ್ಟು ಅದನ್ನು ಭಾಷಣ ಮಾಡಬೇಡಿ. ಪ್ರೊಜೆಕ್ಟರ್ ಹಾಕಿ ಇಂಗ್ಲಿಷ್ ಸ್ಲೈಡ್ ತೋರಿಸಿದರೆ ಊಟವಾದ ಮೇಲೆ ಎಲ್ಲರೂ ತೂಕಡಿಸುತ್ತಾರೆ. ಠಾಣೆಗಳಿಂದ ನಿಜವಾದ ಡ್ಯೂಟಿ ಚಾರ್ಟ್ ತರಿಸಿ ಮುಂದೆ ಇಡಿ. ಮೂವತ್ತೈದು ಜನ, ಅದರಲ್ಲಿ ಇಬ್ಬರು ಸಿಕ್, ಒಬ್ಬರು ಹೆರಿಗೆ ರಜೆ, ನಾಲ್ವರು ಓಓಡಿ ಅಂದರೆ ಬೇರೆ ಕಡೆ ಡ್ಯೂಟಿ ಮೇಲೆ, ನಾಳೆ ಮಂತ್ರಿಗಳ ಕಾರ್ಯಕ್ರಮ, ಬರೀರಿ ನೋಡೋಣ ಅನ್ನಿ. ರೋಲ್ ಕಾಲ್ ಮಾಡಿಸಿ, ಒಬ್ಬರನ್ನು ತಡವಾಗಿ ಬರುವಂತೆ ಹೇಳಿ, ಹೇಗೆ ಕೇಳುತ್ತಾರೆ ನೋಡಿ, ಆಮೇಲೆ ಎಲ್ಲರೂ ಕೂತು ಮಾತಾಡಿ. ರಜೆ ಇಲ್ಲ ಅಂತ ಹೇಳೋದನ್ನು ಅಭ್ಯಾಸ ಮಾಡಿಸಿ, ಅದನ್ನು ಹೇಳೋ ರೀತಿಯಲ್ಲೇ ಅರ್ಧ ನೋವು ಇರುತ್ತದೆ. ಕುಡಿತಕ್ಕೆ ಬಿದ್ದವನ ಜತೆ, ಮಂಕಾದವನ ಜತೆ ಹೇಗೆ ಮಾತು ಶುರು ಮಾಡಬೇಕು ಅಂತ ಬಲ್ಲ ಡಾಕ್ಟರುಗಳನ್ನು ಕರೆಸಿ. ಒಂದು ಮಧ್ಯಾಹ್ನ ಪೊಲೀಸ್ ಕ್ವಾರ್ಟರ್ಸಿನಿಂದ ನಾಲ್ಕು ಹೆಣ್ಣುಮಕ್ಕಳನ್ನು ಕರೆದು ಮುಂದೆ ಕೂರಿಸಿ ಮಾತಾಡಿಸಿ. ಚಾರ್ಟ್ ಬದಲಾದರೆ ಮನೆಯಲ್ಲಿ ಏನಾಗುತ್ತದೆ ಅಂತ ಅವರಷ್ಟು ಚೆನ್ನಾಗಿ ಹೇಳುವವರು ಯಾರೂ ಇಲ್ಲ.

ಇನ್ನೊಂದು ಮಾತು, ಇದು ಸ್ವಲ್ಪ ಕಹಿ. ತರಬೇತಿಗೆ ಹೆಸರು ಕಳಿಸಿ ಅಂತ ಮೇಲಿನಿಂದ ಬಂದಾಗ ಠಾಣೆಯಲ್ಲಿ ಯಾರ ಹೆಸರು ಬರೆಯುತ್ತೇವೆ? ಯಾರು ಇಲ್ಲದಿದ್ದರೆ ಕೆಲಸ ನಿಲ್ಲುವುದಿಲ್ಲವೋ ಅವರದ್ದು. ರೈಟರ್ ಆಗಿ ನಾನೂ ಹಾಗೇ ಬರೆದಿದ್ದೇನೆ. ಹೋದವರನ್ನೂ ಮೂರನೇ ದಿನ ಬಂದೋಬಸ್ತ್ ಅಂತ ವಾಪಸ್ ಕರೆಸುತ್ತೇವೆ. ತರಬೇತಿ ಶಾಲೆಗೆ ವರ್ಗ ಅಂದರೆ ಶಿಕ್ಷೆ ಅಂತಲೇ ಇಲಾಖೆಯಲ್ಲಿ ಮಾತು. ಒಳ್ಳೆ ಠಾಣಾಧಿಕಾರಿ ಅಂತ ಹೆಸರು ಮಾಡಿದವರನ್ನು ಆರಿಸಿ, ಮರ್ಯಾದೆಯಿಂದ ಕರೆದು, ಕಲಿಸೋಕೆ ಕೂರಿಸಿದರೆ ಈ ಮಾತು ತಾನಾಗಿ ಹೋಗುತ್ತದೆ. ಬಡ್ತಿ ಆದೇಶಕ್ಕೂ ಈ ತರಬೇತಿಗೂ ಗಂಟು ಹಾಕಿ, ಮುಗಿಸದವರಿಗೆ ಠಾಣೆ ಚಾರ್ಜ್ ಕೊಡಬೇಡಿ. ಆಗ ಯಾರೂ ನಡುವೆ ವಾಪಸ್ ಕರೆಸುವುದಿಲ್ಲ.

ಜನರೇ ಸಾಲುತ್ತಿಲ್ಲ, ಹದಿನೈದು ದಿನ ತರಬೇತಿಗೆ ಬಿಟ್ಟರೆ ಠಾಣೆ ನೋಡೋರು ಯಾರು ಅಂತ ಎಸ್‌ಪಿ ಸಾಹೇಬರುಗಳು ಕೇಳುತ್ತಾರೆ, ಅದು ನ್ಯಾಯವಾದ ಪ್ರಶ್ನೆಯೇ. ಖಾಲಿ ಹುದ್ದೆಗಳ ಕಷ್ಟ ನನಗೆ ಗೊತ್ತು, ಆ ಖಾಲಿ ಜಾಗಗಳನ್ನು ಚಾರ್ಟಿನಲ್ಲಿ ತುಂಬಿಸಿದವನೇ ನಾನು. ಆದರೆ ಜನ ಕಡಿಮೆ ಇದ್ದಷ್ಟೂ ಇರುವವರನ್ನು ಸರಿಯಾಗಿ ನಡೆಸುವುದು ಜಾಸ್ತಿ ಬೇಕಾಗುತ್ತದೆ. ಪೆನ್ಸಿಲ್ ಸಾಹೇಬರ ಕಾಲದಲ್ಲಿ ನಮ್ಮ ಠಾಣೆಗೆ ಒಬ್ಬ ಹೊಸ ಸಿಬ್ಬಂದಿಯೂ ಬಂದಿರಲಿಲ್ಲ.

ತರಬೇತಿ ಮುಗಿಸಿ ಹೋದವರನ್ನು ಆರು ತಿಂಗಳಾದ ಮೇಲೆ ಒಂದು ಸಲ ನೋಡಿ ಬರೋಕೆ ಯಾರನ್ನಾದರೂ ಕಳಿಸಿ. ತಪ್ಪು ಹಿಡಿದು ಮೆಮೊ ಕೊಡೋಕೆ ಬೇಡ. ಗೋಡೆ ಮೇಲೆ ಚಾರ್ಟ್ ಇದೆಯಾ, ವಾರದ ರಜೆ ಸಿಗುತ್ತಿದೆಯಾ, ಸಾಹೇಬರ ಹತ್ತಿರ ಕಷ್ಟ ಹೇಳೋಕೆ ಆಗುತ್ತಾ ಅಂತ ಇಬ್ಬರು ಕಾನ್ಸ್‌ಟೇಬಲ್‌ಗಳನ್ನು ಟೀ ಅಂಗಡಿಗೆ ಕರೆದುಕೊಂಡು ಹೋಗಿ ಕೇಳಿದರೆ ಎಲ್ಲ ತಿಳಿಯುತ್ತದೆ.

ಇದನ್ನೆಲ್ಲ ಹೇಳುವ ನನಗೆ ಸಂಬಳವೂ ಬೇಡ, ಟಿಎ ಡಿಎಯೂ ಬೇಡ. ನನ್ನ ಹತ್ತಿರ ಆ ಪಿಎಸ್‌ಐ ಸಾಹೇಬರ ಕೈಬರಹದ ಏಳು ಹಳೇ ಚಾರ್ಟ್‌ಗಳಿವೆ. ಹರಿದು ಎಸೆಯಬೇಕಿದ್ದವನ್ನು ಮಡಚಿ ಇಟ್ಟುಕೊಂಡಿದ್ದೆ. ಪೆನ್ಸಿಲ್ ಗುರುತು ಸ್ವಲ್ಪ ಮಾಸಿದೆ, ಓದೋಕೆ ಬರುತ್ತದೆ. ರಾತ್ರಿ ಡ್ಯೂಟಿ ಮಾಡಿ ಬಂದವಳ ಹೆಸರು ಎರಡು ಕಡೆ ಬರೆದ ನನ್ನ ಆ ಪುಟ ಠಾಣೆಯ ಪುಸ್ತಕದಲ್ಲೇ ಉಳಿಯಿತು, ಆದರೆ ಅದು ನನಗೆ ಬಾಯಿಪಾಠ ಇದೆ, ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಅಕಾಡೆಮಿಯವರು ಒಂದು ದಿನ ಬಾ ಅಂದರೆ ಸಾಕು. ಮಂಡ್ಯದಿಂದ ಬೆಳಗಿನ ಟ್ರೈನ್ ಹಿಡಿದರೆ ಒಂಬತ್ತರೊಳಗೆ ಮೈಸೂರಿನಲ್ಲಿರುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ನಿವೃತ್ತ ಎಎಸ್‌ಐ, ಮಂಡ್ಯ